ಕತ್ತರಿ ಬರೆಯದ ಹಾಡು

ಅತ್ತಿಗೆ, ಮೊದಲ ನಮಸ್ಕಾರ ನಿಮಗೆ. ಆಮೇಲೆ ಮಗಳೇ, ನಿನಗೆ. ಆಮೇಲೆ ಕುರ್ಚಿ ಸಿಕ್ಕವರಿಗೆ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತವರಿಗೆ, ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿರುವ ಹೊಲಿಗೆ ಕಾರ್ಖಾನೆಯ ಅಕ್ಕತಂಗಿಯರಿಗೆ. ಹಿಂದಿನವರಿಗೆ ಕೇಳಿಸುತ್ತಿದೆಯಾ? ಮೈಕನ್ನು ನಾನೇ ಪಕ್ಕಕ್ಕಿಟ್ಟಿದ್ದೇನೆ. ಕಾರ್ಖಾನೆಯ ಗೇಟಿನ ಮುಂದೆ ಅವನ ಜೊತೆ ಕೂಗಿ ಕೂಗಿ ಬೆಳೆಸಿದ ಗಂಟಲು ಇದು. ಇನ್ನೂ ಸತ್ತಿಲ್ಲ.

ನನಗಿಂತ ಮೊದಲು ಮಾತಾಡಿದ ಹಿರಿಯರು ತುಂಬಲಾರದ ನಷ್ಟ ಎಂದರು. ಸರಿ. ಸರಳ ಜೀವಿ ಎಂದರು. ಅವನ ಸಿಟ್ಟನ್ನು ಉಂಡವರಿಗೆ ಗೊತ್ತು ಎಷ್ಟು ಸರಳ ಎಂದು, ಇರಲಿ, ಅದೂ ಸರಿ. ಆಮೇಲೆ ಒಬ್ಬರು ಎದ್ದು, 'ಕೋಟಿ ಜನ ಕುಣಿದ ಹಾಡಿನ ಕವಿ' ಎಂದರು — ಅಲ್ಲಿ ನನಗೆ ಕೂರಲಾಗಲಿಲ್ಲ. ಅಧ್ಯಕ್ಷರು ಕರೆಯುವ ಮೊದಲೇ ಎದ್ದು ಬಂದಿದ್ದೇನೆ. ಕ್ಷಮಿಸಬೇಕು ಎಂದು ಕೇಳುವುದಿಲ್ಲ.

ಆ ಹಾಡನ್ನು ಅವನು ಬರೆಯಲಿಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಯಾವ ಹಾಡಿಗೆ ಕೋಟಿ ಜನ ಕುಣಿದರೋ, ಯಾವ ಹಾಡಿನ ಪಕ್ಕ ಅವನ ಹೆಸರು ಇವತ್ತಿಗೂ, ಈ ಗಳಿಗೆಗೂ, ನಿಮ್ಮ ನಿಮ್ಮ ಜೇಬಿನೊಳಗಿನ ಫೋನಿನಲ್ಲಿ ಇದೆಯೋ — ಆ ಹಾಡಿನ ಒಂದು ಅಕ್ಷರವನ್ನೂ ಅವನು ಬರೆಯಲಿಲ್ಲ.

ನಾನು ಯಾರು ಎಂದು ಹೊಸಬರಿಗೆ ಹೇಳಬೇಕು. ನಾನು ಹಾರ್ಮೋನಿಯಂ ನುಡಿಸುವವನು. ಅವನು ನನ್ನನ್ನು 'ಪೆಟ್ಟಿಗೆ' ಎಂದು ಕರೆಯುತ್ತಿದ್ದ. ನಾವೆಲ್ಲ ಅವನನ್ನು 'ಕತ್ತರಿ' ಎನ್ನುತ್ತಿದ್ದೆವು. ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದಲ್ಲಿದ್ದ. ಹೆಸರು ಅಲ್ಲಿಂದ ಬಂತು. ಹಾಡು ಬರೆಯುವುದಕ್ಕೆ ಶುರು ಮಾಡಿದ ಮೇಲೆ ಆ ಹೆಸರು ಇನ್ನೂ ಸರಿಯಾಗಿ ಕೂತಿತು. ಏಕೆಂದರೆ ಅವನು ಬರೆದದ್ದಕ್ಕಿಂತ ಕತ್ತರಿಸಿದ್ದೇ ಹೆಚ್ಚು. ಸಭೆಯ ಮರ್ಯಾದೆಗೆ 'ಅವರು' ಎನ್ನಬೇಕು ಎಂದು ಮನೆಯಿಂದ ಹೊರಡುವಾಗ ಅಂದುಕೊಂಡಿದ್ದೆ. ಆಗುತ್ತಿಲ್ಲ. ಒಂದೇ ಬೆಂಚಿನಲ್ಲಿ ಬೆನ್ನು ನೋಯಿಸಿಕೊಂಡವರ ನಡುವೆ ಬಹುವಚನ ಬಾಯಿಗೆ ಬರುವುದಿಲ್ಲ.

ಅವನು ಹಾಡು ಬರೆಯುವ ರೀತಿ ಹೇಗಿತ್ತು ಎಂದು ನಿಮಗೆ ಗೊತ್ತಾಗಬೇಕು. ಗೊತ್ತಾದರೆ ಮಾತ್ರ ಅವನಿಗೆ ಏನು ಮಾಡಿದರು ಎನ್ನುವುದು ಗೊತ್ತಾಗುತ್ತದೆ.

ಹಾಡು ಮುಗಿಯಿತು ಎಂದು ಅವನು ತಾನೇ ತೀರ್ಮಾನ ಮಾಡುತ್ತಿರಲಿಲ್ಲ. ಬರೆದದ್ದನ್ನು ಕಾರ್ಖಾನೆಯ ಕ್ಯಾಂಟೀನಿಗೆ ತೆಗೆದುಕೊಂಡು ಹೋಗಿ, ಹೆಣ್ಣುಮಕ್ಕಳಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದ. ಕಾಗದ ಕೊಡುತ್ತಿರಲಿಲ್ಲ. ಕೇಳಿದರೂ ಕೊಡುತ್ತಿರಲಿಲ್ಲ. ಆಮೇಲೆ ಒಂದಷ್ಟು ದಿನ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹೊಲಿಗೆ ಯಂತ್ರದ ಸದ್ದಿನಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ, ಬಟ್ಟೆ ಒಗೆಯುವಾಗ, ಮಗು ತಟ್ಟುವಾಗ ಅವರು ಅದನ್ನು ಗುನುಗಬೇಕು. ತಿರುಗಿ ಹೋಗಿ, 'ಎಲ್ಲಿ, ಹಾಡಿ ನೋಡೋಣ' ಎನ್ನುತ್ತಿದ್ದ. ಎಲ್ಲಿ ಅವರು ತಡವರಿಸಿದರೋ ಅಲ್ಲಿ ಕತ್ತರಿ. ಯಾವ ಮಾತನ್ನು ಅವರು ಬದಲಾಯಿಸಿಕೊಂಡಿದ್ದರೋ ಆ ಮಾತೇ ಖಾಯಂ. ಇದಕ್ಕೆ ಅವನು 'ಜರಡಿ ಹಿಡಿಯೋದು' ಎನ್ನುತ್ತಿದ್ದ.

ಒಂದು ಸಲ ಒಂದು ಹಾಡಿನ ಮೂರನೇ ಚರಣದ ಮೇಲೆ ಅವನಿಗೆ ವಿಪರೀತ ಪ್ರೀತಿ. ನನ್ನ ಹತ್ತಿರ ಹತ್ತಾರು ಸಲ ನುಡಿಸಿಕೊಂಡಿದ್ದ. ಜರಡಿ ದಿನ ಬಂತು. ಹಾಡಿದರು. ಪಲ್ಲವಿ ಬಂತು, ಒಂದನೇ ಚರಣ ಬಂತು, ಎರಡನೆಯದು ಬಂತು, ತಟ್ಟೆ ಎತ್ತಿಕೊಂಡು ಎದ್ದರು. ಇವನು ಕೈ ಅಡ್ಡ ಹಿಡಿದ. ಮೂರನೆಯದು ಏನಾಯಿತು ಎಂದು ಕೇಳಿದ. ಗುಂಡಿ ಹೊಲಿಯುವ ಅಕ್ಕ ಒಬ್ಬಳು — ಇಲ್ಲೇ ಇದ್ದಾಳೆ, ಕಂಬದ ಪಕ್ಕ, ತಲೆ ತಗ್ಗಿಸಬೇಡ ತಾಯಿ — ಇವನ ಮುಖ ನೋಡಿ, "ಮೂರನೇದು ಇತ್ತಾ ಅಣ್ಣಾ?" ಅಂದಳು.

ಅವತ್ತು ಮನೆಗೆ ಒಟ್ಟಿಗೇ ಹೊರಟೆವು. ಬಸ್ಸಿನಲ್ಲಿ ಅವನದು ಕಿಟಕಿ ಕಡೆ ಮುಖ. ನಾನು ನಗು ತಡೆದುಕೊಂಡು ಕೂತಿದ್ದೆ. ಇಳಿಯುವಾಗ ಹೇಳಿದ — "ಪೆಟ್ಟಿಗೆ, ಅವರು ಮರೆತಿದ್ದು ಸರಿ ಕಣೋ. ಅದರಲ್ಲಿ ನಾನೊಬ್ಬನೇ ಇದ್ದೆ."

ಮರೆವು ಅವನ ಸಂಪಾದಕ. ಜನರ ಮರೆವಿನಲ್ಲಿ ಸೋಸಿ ಉಳಿದದ್ದು ಮಾತ್ರ ಹಾಡು. ಈಗ ಹೇಳಿ, ಯಾವುದನ್ನೂ ಮರೆಯದ ಫೋನಿನ ಯಂತ್ರದ ಕೈಗೆ ಈ ಮನುಷ್ಯನನ್ನು ಕೊಟ್ಟರೆ ಏನಾಗುತ್ತದೆ?

ಹೇಳುತ್ತೇನೆ ಏನಾಯಿತು ಎಂದು.

ಹಾಡಿನ ಕೋಣೆಯಲ್ಲಿ ಒಂದು ಪದ್ಧತಿ ಇದೆ. ರಾಗ ಹಾಕುವವನು ರಾಗ ಹಾಕುವಾಗ ಬರೀ ಲಾಲಲ ಎಂದರೆ ಅಳತೆ ಸಿಗುವುದಿಲ್ಲ. ಅದಕ್ಕೆ ಬಾಯಿಗೆ ಬಂದ ಮಾತು ತುಂಬುತ್ತಾನೆ. ಅದನ್ನು ಡಮ್ಮಿ ಎನ್ನುತ್ತೇವೆ. ಹಾಡು ಬರೆಯುವವನು ಆ ಅಳತೆ ಹಿಡಿದು ನಿಜವಾದ ಮಾತು ಕೂರಿಸುತ್ತಾನೆ. ನಮ್ಮ ಹಳೆಯ ಸಂಗೀತ ನಿರ್ದೇಶಕರೊಬ್ಬರು ಇದ್ದರು, ಮನೆ ಮಾಲೀಕನ ಕಾಟದಲ್ಲಿದ್ದವರು. ಎಂಥ ವಿರಹದ ರಾಗವಾದರೂ ಡಮ್ಮಿ ಮಾತ್ರ 'ಮಾಲೀಕ ಬಂದ ನೋಡು, ಹಿಂದಿನ ಬಾಗಿಲಿಂದ ಓಡು'. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆ ನಗುವಿನ ನಡುವೆಯೇ ಕತ್ತರಿ ಕಣ್ಣು ಮುಚ್ಚಿ ಬೆರಳು ಎಣಿಸುತ್ತಿದ್ದ. ಹೊರಗೆ ಬರುವಾಗ ಆ ಓಡುವ ಮಾತಿನ ಜಾಗದಲ್ಲಿ ಕಣ್ಣಲ್ಲಿ ನೀರು ತರಿಸುವ ಮಾತು ಇರುತ್ತಿತ್ತು. ಡಮ್ಮಿ ಆ ಕೋಣೆಯಲ್ಲೇ ಹುಟ್ಟಿ ಆ ಕೋಣೆಯಲ್ಲೇ ಸಾಯುತ್ತಿತ್ತು. ಬಾಗಿಲು ದಾಟುತ್ತಿರಲಿಲ್ಲ. ದಾಟುವುದಕ್ಕೆ ಅದಕ್ಕೆ ಕಾಲೇ ಇರಲಿಲ್ಲ.

ಈಗ ಕೋಣೆಯೇ ಇಲ್ಲ. ರಾಗ ಫೋನಿಗೆ ಬರುತ್ತದೆ. ಬರೆಯುವವನು ಒಂದು ಊರು, ನುಡಿಸುವವನು ಒಂದು ಊರು, ಹಾಡುವವಳು ಇನ್ನೊಂದು ಊರು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಾಡು ಬೇಕಲ್ಲ, ಮುಖ ಯಾಕೆ ಎನ್ನುತ್ತಾರೆ.

ಕಳೆದ ವರ್ಷ ಹಾಗೆ ಒಂದು ಹಾಡಿನ ಕಂಪನಿಯಿಂದ ಅವನಿಗೆ ಒಂದು ರಾಗ ಬಂತು. ಜೊತೆಗೆ ಡಮ್ಮಿ. ಆ ಡಮ್ಮಿಯನ್ನು ಈ ಸಭೆಯಲ್ಲಿ ನಾನು ಹಾಡುವುದಿಲ್ಲ. ಗೊತ್ತಿಲ್ಲದವರಿಗಾಗಿ ಒಮ್ಮೆ ಓದುತ್ತೇನೆ, ಆಮೇಲೆ ನೀರು ಕುಡಿಯುತ್ತೇನೆ — 'ಬೇಡ ಅಂದ್ರೂ ಬಿಡೋದಿಲ್ಲ, ಬಾರೇ ನನ್ನ ಹಿಂದೆ. ಓಡಿ ಓಡಿ ದಣಿದ ಮೇಲೆ ಬೀಳ್ತೀ ನನ್ನ ಮುಂದೆ'.

ಗೊತ್ತಾಯಿತಲ್ಲ ಯಾವ ಹಾಡು ಎಂದು. ಆ ಸಾಲಿನಲ್ಲಿ ಕೂತ ಕೆಲವರು ತಲೆ ಆಡಿಸಿದಿರಿ. ತಪ್ಪು ನಿಮ್ಮದಲ್ಲ. ಯಂತ್ರ ಹಾಗೆ ತಲೆಗೆ ಹೊಡೆದಿದೆ.

ಕತ್ತರಿ ಅದನ್ನು ಕೇಳಿ ಫೋನನ್ನು ದೂರ ಇಟ್ಟ. ಆಮೇಲೆ ಅದೇ ಅಳತೆಗೆ, ಅದೇ ಏರಿಳಿತಕ್ಕೆ ಬೇರೆ ಹಾಡು ಬರೆದ. ಕೆಲಸ ಮುಗಿಸಿ ಒಬ್ಬಳೇ ನಡೆದು ಬರುವ ಹೆಣ್ಣಿನ ಹಾಡು. ಇದನ್ನೂ ಹಾಡುವುದಿಲ್ಲ, ಕಾರಣ ಕೊನೆಗೆ ಹೇಳುತ್ತೇನೆ. ಓದುತ್ತೇನೆ — 'ದಾರಿ ನನಗೆ ಗೊತ್ತೇ ಇದೆ, ದೀಪ ಹಿಡಿಯಬೇಡ. ದುಡಿದು ಬಂದ ಕಾಲು ಇದು, ಅಡ್ಡ ನಿಲ್ಲಬೇಡ'.

ಬರೆದು ಏನು ಮಾಡಿದ? ಅವನ ಹಳೇ ಚಾಳಿ. ಜರಡಿಗೆ ಹಾಕಿದ. ಕಂಪನಿಯವರಿಗೆ, ಸ್ವಲ್ಪ ತಾಳಿ, ಬಾಯಲ್ಲಿ ಆಡುತ್ತಿದೆ, ಕೊಡುತ್ತೇನೆ ಎಂದ. ಬಾಯಲ್ಲಿ ಆಡುವುದು ಎಂದರೆ ಏನು ಎಂದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅವರು ಕಾಯಲಿಲ್ಲ. ಫೈಲು ತಯಾರು ಮಾಡುವಾಗ ಅವನ ಹೆಸರನ್ನು ಮೊದಲೇ ಹಾಕಿಟ್ಟಿದ್ದರಂತೆ, ಮಾತು ಬಂದ ಮೇಲೆ ಡಮ್ಮಿ ಕಿತ್ತು ಹಾಕೋಣ ಎಂದು. ಬಿಡುಗಡೆಯ ದಿನ ಬಂತು. ಕೀಳುವುದನ್ನು ಮರೆತರು. ಡಮ್ಮಿಯೇ ಹೊರಗೆ ಹೋಯಿತು, ಅದರ ಹೆಗಲ ಮೇಲೆ ಅವನ ಹೆಸರೂ ಹೋಯಿತು. ನೋಡಿ, ಯಾವುದನ್ನೂ ಮರೆಯದ ಯಂತ್ರ ಇಟ್ಟುಕೊಂಡವರು, ಮರೆಯಬಾರದ ಒಂದನ್ನೇ ಮರೆತರು.

ತಪ್ಪು ಎಲ್ಲರಿಂದಲೂ ಆಗುತ್ತದೆ. ನನ್ನ ಸಿಟ್ಟು ತಪ್ಪಿನ ಮೇಲಲ್ಲ. ಕೇಳಿ.

ಇವನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಒಂದು ಸಂಜೆ ಬಸ್ಸಿನಲ್ಲಿ ಬರುವಾಗ ಒಬ್ಬ ಹಿಂದಿನ ಸೀಟಿನಿಂದ ಆ ಹಾಡು ಶುರು ಮಾಡಿದ. ಅವಳನ್ನೇ ನೋಡಿಕೊಂಡು. ಅವಳು ಎದ್ದು ಮುಂದೆ ಹೋದಳು. ಅವನೂ ಎದ್ದು ಮುಂದೆ ಬಂದ. ಇಳಿದಳು. ಅವನೂ ಇಳಿದ. ಮನೆ ತಿರುವಿನವರೆಗೆ ಹಾಡು ಅವಳ ಬೆನ್ನಿಗಿತ್ತು. ಒಳಗೆ ಬಂದು ಬಾಗಿಲು ಹಾಕಿ, ಫೋನು ತೆಗೆದು ಅಪ್ಪನ ಮುಂದೆ ಹಿಡಿದಳಂತೆ. "ಅಪ್ಪಾ, ಇದು ನಿನ್ನ ಹೆಸರಾ?"

ಅತ್ತಿಗೆ ಹೇಳಿದರು ನನಗೆ ಇದನ್ನು. ಅವನು ಫೋನು ಕೈಗೆ ತೆಗೆದುಕೊಂಡನಂತೆ. ಕನ್ನಡಕ ಹುಡುಕಿದನಂತೆ. ಕನ್ನಡಕ ಕಣ್ಣ ಮೇಲೇ ಇತ್ತು.

ಆಮೇಲೆ ಅವನು ಕಂಪನಿಗೆ ಹೋದ. ನಾನೂ ಜೊತೆಗೆ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ತಣ್ಣಗೆ, ಎಲ್ಲರೂ ಮರ್ಯಾದಸ್ಥರು. ನಮ್ಮ ಕತ್ತಿಗೆ ಒಂದು ಚೀಟಿ ನೇತು ಹಾಕಿದರು, ಅತಿಥಿ ಎಂದು ಬರೆದದ್ದು. ಒಬ್ಬ ಹೆಣ್ಣುಮಗಳು ಬಂದು ನಗುನಗುತ್ತ ಕೇಳಿಸಿಕೊಂಡಳು. ತಪ್ಪಾಗಿದೆ ಎಂದು ಒಪ್ಪಿಕೊಂಡಳು ಕೂಡ. ಹಾಗಾದರೆ ಹೆಸರು ತೆಗೆಯಿರಿ, ಇಲ್ಲವೇ ಹಾಡು ಬದಲಾಯಿಸಿ ಎಂದ ಇವನು. ಅವಳು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಸರ್, ಈಗ ಮುಟ್ಟಿದ್ರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ."

ಎಣಿಕೆ! ಎಷ್ಟು ಜನ ನೋಡಿದರು ಎನ್ನುವ ಎಣಿಕೆ. ಒಬ್ಬ ಮನುಷ್ಯ ನಲವತ್ತು ವರ್ಷ ಜರಡಿ ಹಿಡಿದು ಕಟ್ಟಿದ ಹೆಸರು ಒಂದು ತಕ್ಕಡಿಯಲ್ಲಿ, ಆ ಎಣಿಕೆ ಇನ್ನೊಂದರಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೂರು ಕೊಡಲು ಒಂದು ಕಿಂಡಿ ತೋರಿಸಿದರು, ಫೋನಿನಲ್ಲಿ. ದೂರು ಕೊಟ್ಟ. ನಿಮ್ಮ ದೂರು ನಮಗೆ ಅಮೂಲ್ಯ ಎಂದು ಉತ್ತರ ಬಂತು. ಮತ್ತೆ ಕೊಟ್ಟ. ಮತ್ತೆ ಅಮೂಲ್ಯ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಈಗ ಕೆಲವರು ಅನ್ನಬಹುದು, ಈ ಪೆಟ್ಟಿಗೆ ಮುದುಕ ಹಳೇ ಕಾಲದ ಜಪ ಶುರು ಮಾಡಿದ ಎಂದು. ಇಲ್ಲ ಸ್ವಾಮಿ. ಹಳೇ ಕಾಲ ಚಿನ್ನದ್ದೇನೂ ಆಗಿರಲಿಲ್ಲ. ಕ್ಯಾಸೆಟ್ಟಿನವರೂ ಕಳ್ಳರೇ. ನಮ್ಮ ಮುಷ್ಕರದ ಹಾಡುಗಳ ಮೊದಲ ಕ್ಯಾಸೆಟ್ಟು ಬಂದಾಗ ಹೊದಿಕೆಯ ಮೇಲೆ ಇವನ ಹೆಸರಿತ್ತು, ನನ್ನ ಹೆಸರಿತ್ತು, ತಬಲಾದವನ ಹೆಸರೂ ಇತ್ತು — ಎಲ್ಲ ಹಾಡು ಹಾಡಿದ ಹೆಣ್ಣುಮಗಳ ಹೆಸರಿರಲಿಲ್ಲ. ಕತ್ತರಿ ನೇರ ಅಂಗಡಿಗೆ ಹೋದ. ಕ್ಯಾಸೆಟ್ಟಿನ ಮಾಲೀಕ ಗಲ್ಲಾದ ಹಿಂದೆ ಕೂತಿದ್ದ. ಮುದ್ರಣ ಆಗಿಹೋಯಿತು, ಇನ್ನೇನು ಮಾಡಲಿ ಎಂದ. ಇವನು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಬರೀ ಕೂತ ಅಷ್ಟೆ. ಬಂದ ಗಿರಾಕಿಗೆಲ್ಲ ಹೇಳಿದ, "ಇದನ್ನ ಹಾಡಿದೋಳ ಹೆಸರು ಈ ಯಜಮಾನ್ರು ನುಂಗಿದ್ದಾರೆ, ಕೊಳ್ಳೋ ಮೊದ್ಲು ಕೇಳ್ಕೊಳ್ಳಿ." ಮಧ್ಯಾಹ್ನಕ್ಕೆ ಮಾಲೀಕನ ಮುಖದಲ್ಲಿ ಬೆವರು. ಸಂಜೆಗೆ ಅಂಟು ಬಂತು, ಚೀಟಿ ಬಂತು. ನಾವೆಲ್ಲ, ಅತ್ತಿಗೆಯೂ, ಆ ಮಾಲೀಕನೂ, ಅವನ ಹೆಂಡತಿಯೂ ಅಂಗಡಿಯ ನೆಲದ ಮೇಲೆ ಕೂತು ಒಂದೊಂದು ಕ್ಯಾಸೆಟ್ಟಿಗೂ ಆ ಹೆಣ್ಣುಮಗಳ ಹೆಸರು ಅಂಟಿಸಿದೆವು. ಕೊನೆಗೆ ಮಾಲೀಕನೇ ನಮಗೆ ಚಹಾ ತರಿಸಿದ. ಬೈದುಕೊಂಡೇ ತರಿಸಿದ.

ನಾನು ಕ್ಯಾಸೆಟ್ಟಿಗಾಗಿ ಅಳುತ್ತಿಲ್ಲ. ಆ ಮೆಟ್ಟಿಲಿಗಾಗಿ ಅಳುತ್ತಿದ್ದೇನೆ. ಆವತ್ತು ಕೊರಳಪಟ್ಟಿ ಹಿಡಿಯಲು ಎದುರಿಗೆ ಒಬ್ಬ ಮನುಷ್ಯ ಇದ್ದ. ಬೆವರುವ ಮನುಷ್ಯ. ಇವತ್ತು ಚೀಟಿ ಎಲ್ಲಿಗೆ ಅಂಟಿಸಲಿ, ಹೇಳಿ? ಯಾವ ಮೆಟ್ಟಿಲ ಮೇಲೆ ಕೂರಲಿ?

ಇನ್ನೊಂದು ಮಾತು. ಇದು ಕಂಪನಿಗಲ್ಲ, ನಮ್ಮವರಿಗೆ.

ಹಾಡು ಹರಡಿದ ವಾರದಲ್ಲೇ ನಮ್ಮ ಸಂಘಟನೆಯ ಫೋನಿನ ಗುಂಪಿನಲ್ಲಿ ಒಂದು ಖಂಡನೆ ಬಂತು. 'ಚಳವಳಿಯ ಹಾಡುಗಾರ ಮಾರುಕಟ್ಟೆಗೆ ಮಾರಿಕೊಂಡ' ಎಂದು. ಬರೆದವನು ಯಾರೋ, ಅದನ್ನು ಮುಂದೆ ತಳ್ಳಿದವರು ಎಷ್ಟೋ. ಈ ಸಭೆಯಲ್ಲಿಯೂ ಇದ್ದೀರಿ. ಹೂ ಇಟ್ಟು ಕೈ ಮುಗಿದು ಕೂತಿದ್ದೀರಿ. ನಾನು ಆ ದಿನವೇ ಕೇಳಿದ್ದೆ, ಇಂದೂ ಕೇಳುತ್ತೇನೆ — ಅವನ ಮನೆ ನಿಮಗೆ ಗೊತ್ತಿರಲಿಲ್ಲವಾ? ಅತ್ತಿಗೆಯ ಕೈಯೂಟ ಉಂಡವರಲ್ಲವಾ ನೀವು? ಕಂಪನಿ ಮಾಡಿದ ತಪ್ಪಿಗೆ ಅವನ ಬೆನ್ನಿಗೆ ಬರೆ ಹಾಕಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ. ಎಳೆಯಲು ಒಂದು ಬೆರಳು ಸಾಕಾಯಿತು. ಎದ್ದು ಹೋಗಿ ಕೇಳುವ ಕಾಲು ಮಾತ್ರ ಯಾರಿಗೂ ಬರಲಿಲ್ಲ.

ಒಬ್ಬರಿಗೆ ಬಂತು. ಮಹಿಳಾ ಸಂಘದ ಅಧ್ಯಕ್ಷೆ. ಸಿಟ್ಟಿನಲ್ಲೇ ಬಂದರು, ಬಾಗಿಲಲ್ಲೇ ನಿಂತು ಕೇಳಿದರು, "ಇದನ್ನ ನೀನೇ ಬರೆದ್ಯಾ? ಹೌದು ಅಂದ್ರೆ ಇಲ್ಲಿಂದ್ಲೇ ಹೋಗ್ತೀನಿ." ಅವನು ಒಳಗೆ ಕರೆದು ತನ್ನ ಹಾಡನ್ನು ಹಾಡಿದ. ಅವರು ಪೂರ್ತಿ ಕೇಳಿ, ಎರಡನೇ ಚರಣ ಸ್ವಲ್ಪ ಉದ್ದ ಆಯಿತು ಎಂದರಂತೆ. ಅವನು ಎಷ್ಟೋ ದಿನದ ಮೇಲೆ ಅವತ್ತು ನಕ್ಕನಂತೆ.

ಹೃದಯ ನಿಂತಿತು ಎಂದು ಡಾಕ್ಟರು ಬರೆದಿದ್ದಾರೆ. ಹಾಡೇ ಕೊಂದಿತು ಎಂದು ನಾಟಕದ ಮಾತು ನಾನು ಆಡುವುದಿಲ್ಲ. ಹೃದಯ ಮೊದಲಿನಿಂದಲೂ ಕೆಟ್ಟಿತ್ತು, ಮಾತ್ರೆ ನುಂಗು ಎಂದರೆ ನುಂಗುತ್ತಿರಲಿಲ್ಲ. ಆದರೆ ನಾನು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳಲೇಬೇಕು. ಹಾಸಿಗೆ ಬದಲಾಯಿಸಲು ಬಂದ ಕೆಲಸದವನಿಗೆ ಇವನು ಯಾರೆಂದು ಯಾರೋ ಹೇಳಿದ್ದರು. ಅವನ ಮುಖ ಅರಳಿತು. ಒಳ್ಳೆಯವನು ಪಾಪ, ಖುಷಿಪಡಿಸಬೇಕು ಎಂದೇ ಬಗ್ಗಿ, "ಅಣ್ಣಾ, 'ಬೇಡ ಅಂದ್ರೂ ಬಿಡೋದಿಲ್ಲ' ಹಾಡು ನಿಮ್ದೇನಾ? ನನ್ನ ಮಗನೂ ಹಾಡ್ತಾನೆ" ಅಂದ.

ಕತ್ತರಿ ಗೋಡೆಗೆ ತಿರುಗಿ ಮಲಗಿದ. ಆಮೇಲೆ ಈ ಕಡೆ ತಿರುಗಿದ್ದು ನಾನು ಕಾಣಲಿಲ್ಲ.

ಅವನು ಕೊನೆಗೆ ಕೇಳಿದ್ದು ಇಷ್ಟೇ. ನನ್ನ ಹಾಡು ಬಿಡುಗಡೆ ಮಾಡಿ ಎಂದು ಕೂಡ ಕೇಳಲಿಲ್ಲ. ಹೆಸರು ತೆಗೆಯಿರಿ. ಅದು ಆಗಲಿಲ್ಲ. ಈಗ ಮಗಳು ಕೇಳುತ್ತಿದ್ದಾಳೆ.

ಇಂದು ಬೆಳಿಗ್ಗೆ ಏನಾಯಿತು ಗೊತ್ತಾ? ಕಂಪನಿಯಿಂದ ಒಂದು ದೊಡ್ಡ ಬ್ಯಾನರು ಬಂತು. ಅವನ ಚಿತ್ರ ಇಲ್ಲ. ಕಂಪನಿಯ ಗುರುತು, ಕೆಳಗೆ ಆ ಡಮ್ಮಿಯ ಮೊದಲ ಸಾಲು, ಅದರ ಕೆಳಗೆ 'ಕವಿಗೆ ನಮನ'. ವೇದಿಕೆಯ ಹಿಂದೆ ಕಟ್ಟಲು ಹಗ್ಗವೂ ಜೊತೆಗೇ ಕಳಿಸಿದ್ದರು. ಸಂಘಟಕರು ಕಟ್ಟುವುದೋ ಬಿಡುವುದೋ ಎಂದು ಮುಖ ಮುಖ ನೋಡುತ್ತಿದ್ದಾಗ ಅತ್ತಿಗೆ ಬಂದರು. ಎಳೆದುಕೊಂಡು ಹೋಗಿ ಬಾಗಿಲಲ್ಲಿ ಹಾಸಿದರು. ನೀವೆಲ್ಲ ಕಾಲು ಒರೆಸಿಕೊಂಡು ಬಂದಿದ್ದು ಅದರ ಮೇಲೇ. ಹೋಗುವಾಗಲೂ ಒರೆಸಿಕೊಳ್ಳಿ, ಸಂಕೋಚ ಬೇಡ.

ಕಂಪನಿಯ ಅಧಿಕಾರಿ ಒಬ್ಬರು ಸಂತಾಪ ಹೇಳಲು ಬಂದಿದ್ದಾರೆ. ಮುಂದಿನ ಸಾಲು, ನೀಲಿ ಅಂಗಿ. ಬಂದದ್ದಕ್ಕೆ ವಂದನೆ, ನಿಜವಾಗಿ. ಎಷ್ಟೋ ದಿನದ ಮೇಲೆ ನಮಗೆ ಒಂದು ಮುಖ ಸಿಕ್ಕಿದೆ. ಸ್ವಾಮಿ, ಆ ಹೆಸರನ್ನು ಈಗ ತೆಗೆಸುತ್ತೀರಾ?

— ಏನಂದಿರಿ? ಜೋರಾಗಿ ಹೇಳಿ, ಹಿಂದಿನವರಿಗೆ ಕೇಳಿಸಲಿ.

— ನಿಮಗೆ ಅಧಿಕಾರ ಇಲ್ಲವಂತೆ. ಮೇಲಿನವರನ್ನು ಕೇಳಬೇಕು. ಒಪ್ಪಿದೆ. ಫೋನು ಕೈಯಲ್ಲೇ ಇದೆಯಲ್ಲ, ಕೇಳಿ. ನಾವು ಕಾಯುತ್ತೇವೆ. ನಾಳೆ ಬೇಡ. ದೂರಿನ ಕಿಂಡಿ ಬೇಡ. ಇಲ್ಲೇ.

ಕೂಗಬೇಡಿ ಯಾರೂ. ಅವರ ಮೈ ಮುಟ್ಟಬೇಡಿ, ಬೈಯಬೇಡಿ. ದಾರಿ ಬಿಡಿ, ಅವರಿಗೆ ಹೋಗಬೇಕು ಅನಿಸಿದರೆ ಬಾಗಿಲು ತೆರೆದೇ ಇದೆ.

ಮಗಳು ಎದ್ದಿದ್ದಾಳೆ. ನೋಡಿ, ಅವರ ಮುಂದೆ ಹೋಗಿ ನಿಂತಿದ್ದಾಳೆ. ಏನಮ್ಮ? ... ಸರಿ. ಅವಳು ಅವರಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳುತ್ತೇನೆ. "ನೀವು ಮಾತಾಡಿ ಸಾರ್, ನಾನು ಉತ್ತರ ಕೇಳಿದ ಮೇಲೇ ಕೂರ್ತೀನಿ."

ಹಾಡು ಬರೆಯುವವನ ಸಭೆ ಅವನ ಹಾಡಿನಿಂದ ಮುಗಿಯಬೇಕು. ಅಕ್ಕತಂಗಿಯರೆಲ್ಲ ಹಾಡಲು ಸಿದ್ಧವಾಗಿ ಬಂದಿದ್ದೀರಿ, ನನ್ನ ಪೆಟ್ಟಿಗೆಯೂ ಬಂದಿದೆ. ಆದರೆ ಅತ್ತಿಗೆ ಬೇಡ ಎಂದಿದ್ದಾರೆ. ಆ ಹೊಲಸಿನ ಪಕ್ಕದಿಂದ ಅವನ ಹೆಸರು ಹೋಗುವವರೆಗೆ ಅವನ ಹೆಸರಿನಲ್ಲಿ ಯಾವ ಹಾಡೂ ಬೇಡ. ನಾನು ಅವರ ಮಾತಿಗೆ ತಲೆ ಬಾಗಿದ್ದೇನೆ.

ಆದ್ದರಿಂದ ಎಲ್ಲರೂ ಎದ್ದು ನಿಲ್ಲಿ. ಕೂತ ಹಿರಿಯರಿಗೆ ಪಕ್ಕದವರು ಕೈ ಕೊಡಿ. ನಿಮ್ಮ ಫೋನುಗಳನ್ನು ಬಾಯಿ ಮುಚ್ಚಿಸಿ. ಅವರದ್ದೊಂದು ಬಿಟ್ಟು.

ಈ ಮೌನ ಎಷ್ಟು ಹೊತ್ತು ಎಂದು ನಾನು ಹೇಳುವುದಿಲ್ಲ. ಗಡಿಯಾರ ನೋಡಬೇಡಿ. ಕೆಮ್ಮು ಬಂದರೂ ತಡೆದುಕೊಳ್ಳಿ. ಆ ಕಡೆಯವರು ಹೇಳುವುದು ಅವರಿಗೆ ಚೆನ್ನಾಗಿ ಕೇಳಿಸಲಿ.

ಮಗಳು ಕೂರುವವರೆಗೆ ಯಾರೂ ಕೂರುವುದು ಬೇಡ.